ನಾಯಿಮರಿಯ ಕಿವಿ ಕೊಯ್ಯಿಸಬೇಕೆ? – ವಿಚಾರವೂ ಕಿವಿಯ ಆರೈಕೆಯ ಕ್ರಮವೂ

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ಸೀಮೆಗಳಲ್ಲಿ ಹೊಲಮನೆಗಳ ಕಾವಲಿಗೂ ಕುರಿಹಿಂಡಿನ ಬೆಂಗಾವಲಿಗೂ ನಾಯಿಯನ್ನು ಸಾಕುವದು ತಲೆತಲಾಂತರದಿಂದ ಬಂದ ಪದ್ಧತಿಯಾಗಿದೆ. ಸುಗ್ಗಿ ಮುಗಿದ ಬಳಿಕ ಎರೆಹೊಲದಲ್ಲಿ ಕುರಿ ತರುಬಿಸುವ ರೈತನಿಗೆ, ಹಿಂಡಿನೊಡನೆ ಬರುವ ನಾಯಿಯ ಬೆಲೆಯೇನೆಂಬದನ್ನು ಹೇಳಿಕೊಡಬೇಕಾದದ್ದಿಲ್ಲ. ತೋಳ ಬಂದ ರಾತ್ರಿ ಮನುಷ್ಯನಿಗಿಂತ ಮೊದಲು ಎಚ್ಚರುವದು ಅದೇ. ಹೀಗಿರಲು ಹೊಸ ಮರಿಯೊಂದನ್ನು ತಂದ ಮನೆಯಲ್ಲಿ, ಅದರ ಕಿವಿ ಕೊಯ್ಯಿಸಬೇಕೋ ಬೇಡವೋ ಎಂಬ ಪ್ರಶ್ನೆ ಏಳುವದುಂಟು. ಗೌಡರ ಮನೆಯಲ್ಲಿ ಆದದ್ದನ್ನೇ ಊರವರು ಅನುಸರಿಸುವದರಿಂದ, ಈ ವಿಷಯವನ್ನು ಹಿರಿಯರ ಮುಂದೆ ತುಸು ವಿಸ್ತಾರವಾಗಿ ಇಡಲಾಗಿದೆ.

ಕೊಯ್ಯಿಸಕೂಡದೆಂಬದೇ ನಮ್ಮ ಅಭಿಪ್ರಾಯ. ಆದರೆ ಕೊಯ್ಯಿಸುವವರು ಹೇಳುವ ಕಾರಣಗಳನ್ನು ಪರೀಕ್ಷಿಸದೆ ತಳ್ಳಿಹಾಕುವದು ನ್ಯಾಯವಲ್ಲ.

ಅವುಗಳಲ್ಲಿ ಬಲವಾದದ್ದು ತೋಳದ ಮಾತು. ಜೋಲುಕಿವಿಯನ್ನು ತೋಳವು ಕಚ್ಚಿ ಹಿಡಿಯುವದು, ಮೋಟುಕಿವಿಯಾದರೆ ಹಿಡಿಯಲು ಎಡೆಯಿಲ್ಲ ಎನ್ನುತ್ತಾರೆ. ತುರ್ಕಸ್ಥಾನದ ಮತ್ತು ಕಾಕಸಸ್ ಪರ್ವತಗಳ ಕುರುಬರೂ ಇದೇ ಕಾರಣದಿಂದ ತಮ್ಮ ನಾಯಿಗಳ ಕಿವಿ ಕೊಯ್ಯುತ್ತ ಬಂದಿದ್ದಾರೆ. ಆದರೆ ಕಿವಿ ಹರಿದ ನಾಯಿ ಸಾಮಾನ್ಯವಾಗಿ ಬದುಕುತ್ತದೆ. ಗಂಟಲು ಸಿಕ್ಕ ನಾಯಿ ಬದುಕುವದು ಅಪರೂಪ. ಆದುದರಿಂದ ಕಾಪಾಡಬೇಕಾದದ್ದು ಕೊರಳನ್ನು. ಹಿಮಾಲಯದ ಗದ್ದಿ ಕುರುಬರು ಕಿರುಬ ಕರಡಿಗಳ ಭಯಕ್ಕೆ ತಮ್ಮ ನಾಯಿಗಳ ಕೊರಳಿಗೆ ಮೊಳೆಗಳುಳ್ಳ ಕಬ್ಬಿಣದ ಪಟ್ಟಿಯನ್ನು ಕಟ್ಟುತ್ತಾರೆ. ನಮ್ಮ ಊರ ಕಮ್ಮಾರನು ಅಂಥದನ್ನು ಒಂದು ಹೊತ್ತಿನಲ್ಲಿ ಮಾಡಿಕೊಡಬಲ್ಲನು. ಒಳಮೈಗೆ ಮೆತ್ತನೆಯ ತೊಗಲನ್ನು ಹಚ್ಚಿಸಿ, ಎರಡು ಬೆರಳು ಸಲೀಸಾಗಿ ತೂರುವಷ್ಟು ಸಡಿಲವಾಗಿ ಕಟ್ಟಿದರೆ ಸಾಕು. ಗುರುತಿಗಾಗಿ ಕಿವಿ ಕೊಯ್ಯುವವರಿಗೂ ಈ ಕೊರಳಪಟ್ಟಿಯೇ ಉತ್ತರವು.

ಕಿವಿ ಕೊಯ್ದರೆ ನಾಯಿ ಉಗ್ರವಾಗುವದೆಂಬದು ಇನ್ನೊಂದು ನಂಬಿಕೆ. ನೋಡಲಿಕ್ಕೆ ಉಗ್ರವಾಗಿ ಕಾಣಬಹುದು. ಗುಣ ಮಾತ್ರ ಕಿವಿಯಲ್ಲಿರುವದಿಲ್ಲ. ಕಾವಲುನಾಯಿಯ ಗುಣ ಬೆಳೆಯುವದು ಅದರ ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗಿನ ಅವಧಿಯಲ್ಲಿ. ಆಗ ಕುರಿಗಳ ನಡುವೆ ಮಲಗಿ ಬೆಳೆದ ಮರಿಯು ಕುರಿಯನ್ನು ತನ್ನ ಬಳಗವೆಂದು ತಿಳಿಯುತ್ತದೆ. ಮನೆಯವರ ಕೈಯಿಂದ ಒಳ್ಳೆಯದನ್ನೇ ಕಂಡ ಮರಿಯು ಅವರನ್ನು ನಂಬುತ್ತದೆ. ಕಿವಿ ಕೊಯ್ಯುವವರು ಆರಿಸುವದೂ ಸರಿಯಾಗಿ ಇದೇ ಕಾಲವನ್ನೇ. ಮನುಷ್ಯನ ಕೈಯೆಂದರೆ ನೋವೆಂದು ಆ ವಯಸ್ಸಿನಲ್ಲಿ ಕಲಿತ ಮರಿಯು ಮುಂದೆ ಮೈ ಮುಟ್ಟಗೊಡದೆ ಹೋಗಬಹುದು. ಅಂಜಿ ಮಕ್ಕಳನ್ನು ಕಚ್ಚಲೂಬಹುದು. ಅದನ್ನು ಶೌರ್ಯವೆಂದು ಭ್ರಮಿಸಬಾರದು. ಇದಲ್ಲದೆ ತಾಯಿಹಾಲಿನಿಂದ ಬಂದ ರಕ್ಷಣೆಯು ಕುಂದುವದೂ ಆಗಲೇ. ಡಿಸ್ಟೆಂಪರ್ ಮತ್ತು ಪಾರ್ವೋ ಎಂಬ ಮಾರಕ ರೋಗಗಳು ಮರಿಗಳನ್ನು ಹೆಚ್ಚಾಗಿ ಬಲಿ ತೆಗೆದುಕೊಳ್ಳುವ ಆ ದಿನಗಳಲ್ಲಿ ಲಸಿಕೆ ಹಾಕಿಸುವದು ಬಿಟ್ಟು ಮೈಮೇಲೆ ಹಸಿಗಾಯ ಮಾಡುವದು ಎಂಥ ಜಾಣತನ?

ಜೋಲುಕಿವಿಗೆ ರೋಗ ಬೇಗ ಬರುವದೆಂದೂ ಹೇಳುವದುಂಟು. ನಾಯಿಯ ಕಿವಿಯ ನಾಳವು ಮಡಿಸಿದ ಮೊಳಕೈಯಂತೆ ಮೊದಲು ಕೆಳಕ್ಕಿಳಿದು, ಆಮೇಲೆ ಒಳಕ್ಕೆ ತಿರುಗುತ್ತದೆ. ಕೊಳೆಯೂ ತೇವವೂ ಆ ತಿರುವಿನಲ್ಲಿ ನಿಲ್ಲುವವು. ಕಿವಿಯ ಎಲೆಯನ್ನು ಕೊಯ್ದದ್ದರಿಂದ ಆ ತಿರುವು ನೆಟ್ಟಗಾಗುವದಿಲ್ಲ. ಕಿವಿ ಸೋರುವದಕ್ಕೆ ಚರ್ಮದ ಒಗ್ಗದಿಕೆ, ನೀರು, ಸಣ್ಣ ಹುಳುಗಳು, ಹುಲ್ಲಿನ ಮುಳ್ಳು ಇವೇ ಮುಖ್ಯ ಕಾರಣಗಳು. ಎಲೆಯಾದರೋ ಧೂಳನ್ನೂ ನೊಣವನ್ನೂ ತಡೆಯುವ ಮುಚ್ಚಳದಂತಿದೆ.

ಈ ಸೀಮೆಯವರಿಗೆ ಇನ್ನೊಂದು ಮಾತು ಹೇಳಬೇಕು. ರಾಮದುರ್ಗದಿಂದ ಉತ್ತರಕ್ಕಿರುವ ಮುಧೋಳದ ಬೇಟೆನಾಯಿಯು ಲೋಕಪ್ರಸಿದ್ಧವಾದದ್ದು. ಆ ಸಂಸ್ಥಾನದ ಘೋರ್ಪಡೆ ಅರಸರ ಆಶ್ರಯದಲ್ಲಿ ಅದು ಹೆಸರು ಪಡೆಯಿತು. ೨೦೦೫ರಲ್ಲಿ ಭಾರತೀಯ ಅಂಚೆಯ ಚೀಟಿಯ ಮೇಲೂ ಅದರ ಚಿತ್ರ ಬಂತು. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ನಾಯಿ ಸಂಶೋಧನಾ ಕೇಂದ್ರವಿದ್ದು, ಈ ತಳಿಯ ಸಂರಕ್ಷಣೆಯ ಕೆಲಸ ಅಲ್ಲಿ ನಡೆದಿದೆ. ತಲೆಗೆ ಅಂಟಿದಂತೆ ಜೋಲುವ ಮುಮ್ಮೂಲೆಯ ಕಿವಿಯೇ ಈ ತಳಿಯ ಲಕ್ಷಣ. ಅದನ್ನು ಕೊಯ್ದವನು ತನ್ನ ಮರಿಯ ಲಕ್ಷಣವನ್ನು ತಾನೇ ಅಳಿಸಿದಂತಾಯಿತು. ಪಟ್ಟಣದಿಂದ ತರುವ ಡಾಬರ್‌ಮನ್ ಮರಿಯ ಕಿವಿಯೂ ಹುಟ್ಟಿನಿಂದ ಜೋಲುವದೇ. ಚಿತ್ರಗಳಲ್ಲಿ ಕಾಣುವ ನಿಮಿರುಕಿವಿಯು ಕತ್ತರಿಯಿಂದಾದದ್ದು. ಇಂಗ್ಲಂಡದ ಕೆನಲ್ ಕ್ಲಬ್ಬು ಇಂಥ ಕಿವಿಯ ನಾಯಿಗಳನ್ನು ೧೯ನೆಯ ಶತಮಾನದ ಕೊನೆಗೇ ಪ್ರದರ್ಶನಗಳಿಂದ ದೂರವಿಟ್ಟಿತು.

ಕಾಯಿದೆಯನ್ನೂ ಅರಿತಿರತಕ್ಕದ್ದು. ೧೯೬೦ರ ಪ್ರಾಣಿಹಿಂಸೆ ತಡೆ ಕಾಯಿದೆಯ ೧೧ನೆಯ ಕಲಮಿನ ಪ್ರಕಾರ ಪ್ರಾಣಿಯ ಅಂಗಚ್ಛೇದವು ಅಪರಾಧವು. ಎತ್ತಿಗೆ ಮೂಗುದಾರ ಹಾಕುವದು, ಬೀಜ ಒಡೆಯುವದು, ದನದ ಕೋಡು ತೆಗೆಯುವದು ಮುಂತಾದವಕ್ಕೆ ಅದೇ ಕಲಮಿನಲ್ಲಿ ನಿಯಮಕ್ಕೊಳಪಟ್ಟು ವಿನಾಯಿತಿಯುಂಟು. ನಾಯಿಯ ಕಿವಿಯ ಹೆಸರು ಆ ಪಟ್ಟಿಯಲ್ಲಿಲ್ಲ.

ಕೊಯ್ದ ಕಿವಿಯ ಮರಿಯು ಕೈಗೆ ಬಂದರೆ

ಕೊಂಡು ತಂದ ಮರಿಯ ಕಿವಿಯನ್ನು ಮಾರಿದವನು ಆಗಲೇ ಕೊಯ್ದಿರಬಹುದು. ಅಥವಾ ಮನೆಯವರು ತಿಳಿಯದೆ ಕೊಯ್ಯಿಸಿರಬಹುದು. ಆಗ ತಪ್ಪು ಯಾರದೆಂದು ವಾದಿಸುತ್ತ ಕೂಡದೆ ಮರಿಯನ್ನು ಉಳಿಸಿಕೊಳ್ಳಬೇಕು. ಕಿವಿಯ ಎಲೆಯಲ್ಲಿ ಎರಡು ಪದರು ತೆಳುಚರ್ಮದ ನಡುವೆ ಮೆತ್ತನೆಯ ಎಲುಬಿದ್ದು, ರಕ್ತನಾಳಗಳು ಅಂಚಿನವರೆಗೂ ಹರಡಿರುತ್ತವೆ. ಆದುದರಿಂದ ರಕ್ತ ಬಹಳ ಹೋಗುವದು. ಎಳೆಯ ಮರಿಗೆ ಅದು ಪ್ರಾಣಕ್ಕೇ ಮುಳುವಾಗಬಹುದು. ಶುಚಿಯಾದ ಬಟ್ಟೆಯನ್ನು ಗಾಯಕ್ಕೆ ಒತ್ತಿ, ನಡುವೆ ಎತ್ತಿ ನೋಡದೆ, ಹತ್ತು ನಿಮಿಷ ಹಿಡಿದಿರಬೇಕು. ಆಮೇಲೆ ಅದೇ ದಿನ ದನದ ದವಾಖಾನೆಗೆ ಒಯ್ಯತಕ್ಕದ್ದು.

ಗಾಯಕ್ಕೆ ಬೂದಿ, ಸೆಗಣಿ, ಸುಣ್ಣ, ತಂಬಾಕು, ಸೀಮೆಎಣ್ಣೆ, ಫಿನಾಯಿಲ್ ಇವುಗಳನ್ನು ಎಷ್ಟಕ್ಕೂ ಹಚ್ಚಬಾರದು. ಅರ್ಧ ಲೀಟರು ಕುದಿಸಿ ಆರಿಸಿದ ನೀರಿನಲ್ಲಿ ಒಂದು ಮಟ್ಟ ಚಹಾಚಮಚ ಉಪ್ಪನ್ನು ಕರಗಿಸಿ, ಅದರಲ್ಲಿ ಅದ್ದಿದ ಬಟ್ಟೆಯಿಂದ ದಿನಕ್ಕೆರಡು ಸಲ ಮೆಲ್ಲಗೆ ಒರೆಸಿದರೆ ಸಾಕು. ಮುಲಾಮು ವೈದ್ಯರು ಕೊಟ್ಟದ್ದೇ ಇರಲಿ. ನೋವಿಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಗುಳಿಗೆಗಳನ್ನು ಕೊಡಲೇಬಾರದು. ಮನುಷ್ಯನಿಗೆ ಹಿತವಾದ ಅವು ಮರಿಗೆ ವಿಷವಾಗಬಹುದು.

ನಮ್ಮ ಕಡೆಯ ಸೆಕೆಯಲ್ಲಿ ಎಲ್ಲಕ್ಕೂ ದೊಡ್ಡ ಭಯ ನೊಣದ್ದು. ಗಾಯದ ಮೇಲೆ ನೊಣವಿಟ್ಟ ಮೊಟ್ಟೆಯು ಒಂದು ದಿನದೊಳಗಾಗಿ ಹುಳವಾಗುವದು. ಹಗಲಲ್ಲಿ ಮರಿಯನ್ನು ಸೊಳ್ಳೆಪರದೆಯೊಳಗೆ ಇಡಬೇಕು, ಸಾಯಂಕಾಲ ಬೆಳಕಿನಲ್ಲಿ ಗಾಯವನ್ನು ನೋಡಬೇಕು. ಒಡಹುಟ್ಟಿದ ಮರಿಗಳು ಹುಣ್ಣನ್ನು ನೆಕ್ಕಿ ಕಡಿಯುವದರಿಂದ ಬೇರೆಯಾಗಿ ಮಲಗಿಸಬೇಕು. ಕಾಲಿನಿಂದ ಕೆರೆಯದಂತೆ ರಟ್ಟಿನ ಕೊಳವೆಯನ್ನು ಕೊರಳಿಗೆ ತೊಡಿಸಬಹುದು. ಹೊಲಿಗೆ ಹಾಕಿದ್ದರೆ ೧೦ರಿಂದ ೧೪ ದಿನಗಳಲ್ಲಿ ವೈದ್ಯರೇ ಬಿಚ್ಚುವರು. ಕಿವಿ ನಿಮಿರಲೆಂದು ಮನೆಯಲ್ಲಿ ಪಟ್ಟಿ ಬಿಗಿಯುವದು ಅಪಾಯಕರ. ಬಿಗಿ ಹೆಚ್ಚಾದರೆ ರಕ್ತಸಂಚಾರ ನಿಂತು ಕಿವಿಯೇ ಸಾಯುವದು. ದುರ್ವಾಸನೆ, ಬಾವು, ಅಂಚು ಕಪ್ಪಾಗುವದು, ಮರಿ ತಿನ್ನದಿರುವದು – ಇವುಗಳಲ್ಲಿ ಒಂದು ಕಂಡರೂ ಮರುದಿನಕ್ಕೆ ಕಾಯಬೇಡಿರಿ.

ಕೊಯ್ಯದ ಕಿವಿಯ ಆರೈಕೆ

ಇದರ ಕೆಲಸ ಬಹಳ ಕಡಿಮೆ. ವಾರಕ್ಕೊಮ್ಮೆ ಎಲೆಯನ್ನು ಎತ್ತಿ ನೋಡಬೇಕು, ಮೂಸಬೇಕು. ಮಲಪ್ರಭೆಯಲ್ಲಿಯೋ ಕೆರೆಯಲ್ಲಿಯೋ ಈಜಿ ಬಂದ ದಿನ ಒಣಬಟ್ಟೆಯಿಂದ ಒರೆಸಬೇಕು. ಕಣ್ಣಿಗೆ ಕಾಣುವಷ್ಟನ್ನೇ ಒರೆಸತಕ್ಕದ್ದು. ಕಡ್ಡಿಯನ್ನು ತೂರಿಸುವದಾಗಲಿ, ಕಾಸಿದ ಎಣ್ಣೆಯನ್ನು ಹೊಯ್ಯುವದಾಗಲಿ ಕೂಡದು. ಹೊಲದಿಂದ ಬಂದ ನಾಯಿಯು ಒಮ್ಮೆಲೆ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಝಾಡಿಸಹತ್ತಿದರೆ ಹುಲ್ಲಿನ ಮುಳ್ಳು ಒಳಸೇರಿದೆಯೆಂದು ತಿಳಿಯಬೇಕು; ಅದನ್ನು ವೈದ್ಯರೇ ತೆಗೆಯಲಿ. ಝಾಡಿಸಿ ಝಾಡಿಸಿ ಎಲೆಯೊಳಗೆ ರಕ್ತ ತುಂಬಿ ಚೀಲದಂತೆ ಉಬ್ಬಿದರೆ ಸೂಜಿಯಿಂದ ಚುಚ್ಚಬಾರದು.

ಉಣ್ಣಿಗಳು ಕಿವಿಯ ಮಡಿಕೆಗಳಲ್ಲಿ ಹೆಚ್ಚಾಗಿ ಕೂಡುತ್ತವೆ. ಚಿಮುಟಿಯಿಂದ ಚರ್ಮದ ಹತ್ತಿರವೇ ಹಿಡಿದು ನೆಟ್ಟಗೆ ಎಳೆಯಬೇಕು. ಬೀಡಿಯಿಂದ ಸುಡುವದು ಬೇಡ. ಹತ್ತಿಗೆ ಹೊಡೆಯುವ ಔಷಧವನ್ನು ನೀರಿಗೆ ಬೆರೆಸಿ ನಾಯಿಯ ಮೈಗೆ ಸವರುವವರಿದ್ದಾರೆ. ನಾಯಿಯು ಅದನ್ನು ನೆಕ್ಕಿ ಸಾಯಬಹುದು. ಅದನ್ನು ಅಪ್ಪಿ ಆಡುವ ಕೂಸಿಗೂ ವಿಷವೇರಬಹುದು. ಮರಿಯ ವಯಸ್ಸನ್ನೂ ತೂಕವನ್ನೂ ಹೇಳಿ ದವಾಖಾನೆಯಿಂದಲೇ ಉಣ್ಣಿಯ ಔಷಧವನ್ನು ತರತಕ್ಕದ್ದು. ಮರಿಗೆ ಮೂರು ತಿಂಗಳು ತುಂಬಿದ್ದರೆ ಹುಚ್ಚುನಾಯಿ ರೋಗದ ಲಸಿಕೆಯನ್ನೂ ಅದೇ ಹೊತ್ತಿಗೆ ಹಾಕಿಸಿಕೊಂಡು ಬರಬಹುದು.