ಮೊದಲು ಗಾಡಿ ನೆಟ್ಟಗೆ ಓಡಲಿ

ಪ್ರೀತಿಯ ತಮ್ಮನಿಗೆ,

ಮಾಧವರಂನಲ್ಲಿ ನಿಮ್ಮ ಮನೆಯ ಹಿಂದಿನ ತಗಡಿನ ಶೆಡ್ಡಿಗೆ ಪ್ರೀಮಿಯರ್ 118 ಎನ್‌ಇ ಬಂದು ನಿಂತಿದೆ ಎಂದು ಕೇಳಿ ತುಂಬಾ ಸಂತೋಷವಾಯಿತು. ನೀನು ಕಳಿಸಿದ ಪಟ್ಟಿಯನ್ನೂ ಓದಿದೆ. ಮೊದಲು ಪೇಂಟು, ಆಮೇಲೆ ಅಲಾಯ್ ವೀಲು, ಸಣ್ಣ ಸ್ಟೇರಿಂಗ್ ವೀಲು, ಇಂಜಿನ್ ಕೆಲಸ. ಎಲ್ಲಕ್ಕಿಂತ ಕೆಳಗೆ, ದುಡ್ಡು ಉಳಿದರೆ ಎಂಬಂತೆ, ‘ಸ್ಟೇರಿಂಗ್ ಸ್ವಲ್ಪ ಟೈಟ್ ಮಾಡಿಸುವುದು’. ಆ ಕೊನೆಯ ಸಾಲನ್ನು ಮೇಲಕ್ಕೆ ತಾ ಎಂದು ಹೇಳುವುದಕ್ಕೇ ಈ ಪತ್ರ. ಬಳ್ಳಾರಿ, ಆದವಾನಿ, ರಾಯಚೂರು ಸೀಮೆಯಲ್ಲಿ ಹಳೆ ಕಾರಿಗೆ ಕೈಹಾಕಿರುವ ಇನ್ನೂ ಹಲವರಿಗೆ ಉಪಯೋಗವಾಗಲಿ ಎಂದು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಿನ್ನ ಕಾರಿನ ವಂಶ ತಿಳಿದಿರಲಿ. ಮೂಲದಲ್ಲಿ ಅದು ಇಟಲಿಯ ಫಿಯಟ್ 124. 1966ರಲ್ಲಿ ಬಂತು, ಮರುವರ್ಷವೇ ಯುರೋಪಿನ ವರ್ಷದ ಕಾರು ಎನಿಸಿಕೊಂಡಿತು. ಅದೇ ಕಾರನ್ನು ಸ್ಪೇನಿನಲ್ಲಿ ಸಿಯಾಟ್ ಕಂಪನಿ ಮಾಡಿತು. ರಷ್ಯನ್ನರು ತಮ್ಮ ಕೆಟ್ಟ ರಸ್ತೆಗಳಿಗೆ ಹೊಂದುವಂತೆ ಬಾಡಿಯನ್ನು ಗಟ್ಟಿ ಮಾಡಿ, ನೆಲದಿಂದ ಎತ್ತರಿಸಿ, 1970ರಿಂದ ಲಾಡಾ ವಂಶವನ್ನೇ ಬೆಳೆಸಿದರು. ನಮ್ಮಲ್ಲಿ ಮುಂಬಯಿಯ ಪ್ರೀಮಿಯರ್ ಆಟೊಮೊಬೈಲ್ಸ್ 1985ರಲ್ಲಿ ಆ ಫಿಯಟ್ಟನ್ನು ತಂದು, ನಿಸ್ಸಾನಿನ 1171 ಸಿಸಿ ಇಂಜಿನ್ ಕೂರಿಸಿತು. ಐವತ್ತರ ಆಸುಪಾಸಿನ ಅಶ್ವಶಕ್ತಿ. ಇವತ್ತಿನ ಸಣ್ಣ ಕಾರಿಗೂ ಅದಕ್ಕಿಂತ ಹೆಚ್ಚು ಬಲವಿದೆ. ಆದರೂ ಅಂಬಾಸಿಡರ್, ಪದ್ಮಿನಿ ಓಡಿಸಿದ ಕೈಗೆ ಎನ್‌ಇ ಸಿಕ್ಕಾಗ ಆದ ಹಿಗ್ಗನ್ನು ನಾನು ಬಲ್ಲೆ. ಪದ್ಮಿನಿಯ ಹಿಂದೆ ಕಮಾನು ಪಟ್ಟೆ ಇತ್ತು, ಗೇರು ಸ್ಟೇರಿಂಗ್ ಪಕ್ಕದಲ್ಲಿತ್ತು. ಎನ್‌ಇಯಲ್ಲಿ ನಾಲ್ಕೂ ಕಡೆ ಕಾಯಿಲ್ ಸ್ಪ್ರಿಂಗು, ಗೇರು ನೆಲದ ಮೇಲೆ. ತಿರುವಿನಲ್ಲಿ ಹೇಳಿದ ಮಾತು ಕೇಳುತ್ತಿತ್ತು. ರ‍್ಯಾಲಿಗೆ ಹೋಗುವವರು ಅದನ್ನು ಇಷ್ಟಪಟ್ಟದ್ದು ಆ ಗುಣಕ್ಕೆ. ಇಂಜಿನ್ನನ್ನು ಎಷ್ಟು ಕೆದಕಿದರೂ ನಿನಗೆ ಸಿಗುವ ವೇಗ ಅಷ್ಟರಲ್ಲೇ ಇದೆ. ಕಾರಿನ ನಿಜವಾದ ಸುಖ ಇರುವುದು ಸ್ಟೇರಿಂಗು, ಸಸ್ಪೆನ್ಷನ್‌ಗಳಲ್ಲಿ. ಈಗ ಅದೇ ಸತ್ತಿದೆ.

ಸ್ಟೇರಿಂಗಿನಲ್ಲಿ ನಾಲ್ಕು ಬೆರಳು ಆಟ ಇದೆ ಎಂದು ಬರೆದಿದ್ದೀಯ. ಗ್ಯಾರೇಜಿಗೆ ಹೋದರೆ ಹತ್ತರಲ್ಲಿ ಎಂಟು ಮಂದಿ ಮಾಡುವುದು ಒಂದೇ: ಸ್ಟೇರಿಂಗ್ ಬಾಕ್ಸಿನ ಮೇಲಿನ ಸ್ಕ್ರೂ ತಿರುಗಿಸಿ ಬಿಗಿ ಮಾಡಿ ಕಳಿಸುತ್ತಾರೆ. ಅದನ್ನು ಮಾಡಿಸಬೇಡ. ಕಾರಣ ಹೇಳುತ್ತೇನೆ, ಕೇಳು.

ಬಾಕ್ಸಿನ ಒಳಗೆ ಒಂದು ವರ್ಮು, ಅದಕ್ಕೆ ಹಲ್ಲು ಕೂತ ಒಂದು ರೋಲರು. ಗಾಡಿ ಬಹುಪಾಲು ನೇರವಾಗಿಯೇ ಓಡುವುದರಿಂದ ವರ್ಮು ಸವೆಯುವುದು ನಡುವಿನಲ್ಲಿ. ಎರಡು ತುದಿಗಳು ಹೊಸದರಂತೆಯೇ ಉಳಿದಿರುತ್ತವೆ. ನಡುವಿನ ಆಟ ಪೂರ್ತಿ ಹೋಗುವಷ್ಟು ಸ್ಕ್ರೂ ಬಿಗಿ ಮಾಡಿದರೆ ತುದಿಗಳಲ್ಲಿ ಹಿಡಿದುಕೊಳ್ಳುತ್ತದೆ. ತಿರುವು ಮುಗಿದ ಮೇಲೆ ಚಕ್ರ ತಾನಾಗಿ ನೆಟ್ಟಗಾಗುವುದಿಲ್ಲ. ಹತ್ತಿ ಹೇರಿಕೊಂಡು ರಸ್ತೆಯನ್ನೆಲ್ಲ ತುಂಬಿ ಬರುವ ಲಾರಿಗೆ ದಾರಿ ಬಿಟ್ಟು ಮತ್ತೆ ನೇರಕ್ಕೆ ಬರುವ ಗಳಿಗೆಯಲ್ಲಿ ಹಾಗಾದರೆ ಏನಾಗುತ್ತದೆ ಎಂದು ನೀನೇ ಯೋಚಿಸು.

ಅದಕ್ಕಿಂತ ಮುಖ್ಯವಾದ ಮಾತು, ಆಟದ ದೊಡ್ಡ ಪಾಲು ಬಾಕ್ಸಿನಲ್ಲಿ ಇರುವುದೇ ಇಲ್ಲ. ಬಾಕ್ಸಿನಿಂದ ಚಕ್ರದವರೆಗೆ ಡ್ರಾಪ್ ಆರ್ಮು, ನಡುವಿನ ಉದ್ದ ರಾಡು, ಆ ಕಡೆ ಐಡ್ಲರು, ಎರಡು ಬದಿಗೆ ಟೈ ರಾಡು ಎಂದು ಒಂದು ಸರಪಳಿಯೇ ಇದೆ. ಮೂರು ರಾಡುಗಳ ಎರಡೆರಡು ತುದಿ ಸೇರಿ ಆರು ಬಾಲ್ ಜಾಯಿಂಟು. ಒಂದೊಂದರಲ್ಲೂ ಕೂದಲೆಳೆಯಷ್ಟು ಸವೆತವಿದ್ದರೂ ಎಲ್ಲ ಕೂಡಿ ನಿನ್ನ ಕೈಯಲ್ಲಿ ನಾಲ್ಕು ಬೆರಳಾಗುತ್ತದೆ. ಗೆಳೆಯನೊಬ್ಬನನ್ನು ಸೀಟಿನಲ್ಲಿ ಕೂರಿಸು. ಇಂಜಿನ್ ಬಂದ್, ಚಕ್ರ ನೆಲದ ಮೇಲೆಯೇ ಇರಲಿ. ಅವನು ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪವೇ ಅಲ್ಲಾಡಿಸಲಿ. ನೀನು ಟಾರ್ಚ್ ಹಿಡಿದು ಕೆಳಗೆ ನೋಡುತ್ತಾ ಒಂದೊಂದು ಜಾಯಿಂಟಿನ ಮೇಲೂ ಬೆರಳಿಡು. ಒಂದು ಬದಿ ಅಲುಗಿ ಇನ್ನೊಂದು ಬದಿ ತಡವಾಗಿ ಅಲುಗಿದರೆ ಅದೇ ಕಳ್ಳ. ಐಡ್ಲರನ್ನು ಮರೆಯಬೇಡ. ಆ ಮೂಲೆಯನ್ನು ಯಾರೂ ನೋಡುವುದಿಲ್ಲ. ಅದರ ಬುಷ್ ಹೋಗಿದ್ದರೆ ಉಳಿದದ್ದೆಲ್ಲ ಹೊಸದು ಹಾಕಿದರೂ ಗಾಡಿ ರಸ್ತೆ ತುಂಬಾ ಅಲೆದಾಡುತ್ತದೆ. ಬಾಕ್ಸನ್ನು ಷಾಸಿಗೆ ಹಿಡಿದ ಬೋಲ್ಟುಗಳನ್ನೂ, ಅವುಗಳ ಸುತ್ತ ತಗಡು ಬಿರುಕು ಬಿಟ್ಟಿದೆಯೇ ಎಂಬುದನ್ನೂ ನೋಡು. ಇದೆಲ್ಲ ಸರಿಯಾದ ಮೇಲೆ ಉಳಿದ ಆಟಕ್ಕೆ ಮಾತ್ರ ಸ್ಕ್ರೂ ಮುಟ್ಟು. ಚಕ್ರ ನೆಟ್ಟಗಿಟ್ಟು ತುಸುವೇ ತಿರುಗಿಸಿ, ಎರಡೂ ತುದಿಯವರೆಗೆ ಸಲೀಸಾಗಿ ಹೋಗುತ್ತದೆಯೇ ನೋಡಿಕೊ.

ಬಾಕ್ಸಿಗೆ ಬೇಕಾದದ್ದು 90 ನಂಬರಿನ ಗೇರ್ ಆಯಿಲ್. ಸೀಲ್ ಸೋರುತ್ತದೆ ಎಂದು ಗ್ರೀಸ್ ತುಂಬುವ ರೂಢಿ ನಮ್ಮ ಕಡೆ ಬಹಳ. ಗ್ರೀಸ್ ಒಮ್ಮೆ ಬದಿಗೆ ಸರಿದರೆ ಮತ್ತೆ ವರ್ಮಿನ ಮೇಲೆ ಹರಿದು ಬರುವುದಿಲ್ಲ, ಕಬ್ಬಿಣ ಕಬ್ಬಿಣವನ್ನು ತಿನ್ನುತ್ತದೆ. ಸೀಲನ್ನೇ ಬದಲಿಸು.

ಸವೆದ ಬಾಲ್ ಜಾಯಿಂಟನ್ನು ಸುತ್ತಿಗೆಯಿಂದ ಹೊಡೆದು ಬಿಗಿ ಮಾಡಿಕೊಡುತ್ತೇನೆ, ವೆಲ್ಡಿಂಗ್ ಇಟ್ಟು ಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಕೈಮುಗಿದು ಎದ್ದು ಬಾ. ಆ ಪಿನ್ನಿನ ಉಕ್ಕಿಗೆ ಹದ ಕೊಟ್ಟಿರುತ್ತಾರೆ. ವೆಲ್ಡಿಂಗಿನ ಕಾವು ತಗುಲಿದರೆ ಹದ ಹೋಗಿ, ಮುರಿಯುವ ದಿನ ಮುನ್ಸೂಚನೆ ಕೊಡದೆ ಮುರಿಯುತ್ತದೆ. ನಮ್ಮ ಸೀಮೆಯ ಮೇಸ್ತ್ರಿಗಳ ಕೈಚಳಕದ ಮೇಲೆ ನನಗೆ ಅಪಾರ ಗೌರವವಿದೆ. ಜಿನ್ನಿಂಗ್ ಮಿಲ್ಲು, ಎಣ್ಣೆ ಮಿಲ್ಲುಗಳಿರುವ ಆದವಾನಿಯಲ್ಲಿ ಲೇತ್ ಕೆಲಸ ಬಲ್ಲವರಿಗೆ ಬರವಿಲ್ಲ. ಬುಷ್ ಕಡೆಯಲು, ಸ್ಲೀವ್ ಹಾಕಲು ಅವರ ಹತ್ತಿರ ಧೈರ್ಯವಾಗಿ ಹೋಗು. ಜೀವ ನೇತಾಡುವ ಜಾಯಿಂಟುಗಳನ್ನು ಮಾತ್ರ ಹೊಸದೇ ಕೊಳ್ಳಬೇಕು. ಬೆಂಗಳೂರಿನ ಜೆ.ಸಿ. ರಸ್ತೆ, ಸಿಕಂದರಾಬಾದಿನ ರಾಣಿಗಂಜ್, ಚೆನ್ನೈನ ಪುದುಪೇಟೆ, ಈ ಮೂರು ಕಡೆ ಹುಡುಕು. ಹಳೆಯದನ್ನು ಬಿಚ್ಚಿ ಕೈಯಲ್ಲೇ ಹಿಡಿದುಕೊಂಡು ಹೋಗು. ಅಂಗಡಿಯವರು ‘ಇದೇ ಸಾರ್’ ಎಂದದ್ದನ್ನು ಟೇಪರಿಗೆ ಟೇಪರ್ ಇಟ್ಟು ಹೋಲಿಸಿ ನೋಡಿ ದುಡ್ಡು ಕೊಡು. ಸ್ಪ್ಲಿಟ್ ಪಿನ್ನು ಪ್ರತಿಸಲ ಹೊಸದು. ಎರಡು ರೂಪಾಯಿಯ ಆ ತಂತಿ ಇಲ್ಲದೆ ನಟ್ಟು ಬಿಚ್ಚಿಕೊಂಡು ಹೋಗಬಾರದು.

ಇನ್ನು ಸಸ್ಪೆನ್ಷನ್. ಮುಂದಿನ ಕಾಯಿಲ್ ಸ್ಪ್ರಿಂಗನ್ನು ಬಿಚ್ಚುವ ಕೆಲಸವನ್ನು ಶೆಡ್ಡಿನಲ್ಲಿ ಒಬ್ಬನೇ ಮಾಡಲೇಬೇಡ. ಇದನ್ನು ಸಲಹೆ ಎಂದು ಹೇಳುತ್ತಿಲ್ಲ, ಆಣೆ ಇಟ್ಟು ಹೇಳುತ್ತಿದ್ದೇನೆ. ಗಾಡಿಯ ಮುಂದಿನ ಭಾರವನ್ನೆಲ್ಲ ಹೊರುವ ಸ್ಪ್ರಿಂಗು ಅದು. ಹಗ್ಗ, ಸರಪಳಿ ಕಟ್ಟಿ ಬಿಚ್ಚುವುದನ್ನು ನೋಡಿದ್ದೇನೆ. ಜಾರಿದರೆ ಕೈಯೋ ಮುಖವೋ ಉಳಿಯುವುದಿಲ್ಲ. ಸರಿಯಾದ ಸ್ಪ್ರಿಂಗ್ ಕಂಪ್ರೆಸರ್ ಇರುವ ಗ್ಯಾರೇಜಿಗೆ ಹೋಗು, ಬೇಕಾದರೆ ರಾಯಚೂರಿಗೋ ಬಳ್ಳಾರಿಗೋ ಟ್ರಾಲಿ ಮೇಲೆ ಹಾಕಿಕೊಂಡು ಹೋಗು. ಜಾಕ್ ಒಂದನ್ನೇ ನಂಬಿ ಗಾಡಿಯ ಕೆಳಗೆ ಮಲಗಬೇಡ. ಇಟ್ಟಿಗೆಯನ್ನಂತೂ ಇಡಲೇಬೇಡ, ಒತ್ತಡಕ್ಕೆ ಒಮ್ಮೆಗೇ ಪುಡಿಯಾಗುತ್ತದೆ.

ಬಿಚ್ಚಿದ ಮೇಲೆ ಮೊದಲ ಕೆಲಸ ತೊಳೆಯುವುದು. ನಮ್ಮ ಎರೆಮಣ್ಣು ಮಳೆಗಾಲದಲ್ಲಿ ವಿಷ್‌ಬೋನ್ ತೋಳುಗಳ ಸಂದುಗೊಂದುಗಳಲ್ಲಿ ಮೆತ್ತಿಕೊಂಡು ಬೇಸಿಗೆಯಲ್ಲಿ ಕಲ್ಲಾಗುತ್ತದೆ. ಅದರ ಅಡಿಯಲ್ಲಿ ತೇವ ಉಳಿದು ತುಕ್ಕು ಬೆಳೆಯುತ್ತದೆ. ತಂತಿ ಬ್ರಷ್ಷಿನಿಂದ ಉಜ್ಜಿ ಸ್ಕ್ರೂಡ್ರೈವರಿನ ತುದಿಯಿಂದ ಕುಟ್ಟಿ ನೋಡು. ತೂತು ಬಿದ್ದರೆ ಮೊದಲು ಟಿಂಕರಿಂಗ್. ರಬ್ಬರ್ ಬುಷ್ಷುಗಳು ನಮ್ಮ ಬಿಸಿಲಿಗೆ ಬಿರಿದೇ ಇರುತ್ತವೆ, ಎಲ್ಲವನ್ನೂ ಹೊಸದು ಹಾಕಿಸು. ಹಾಕುವಾಗ ಒಂದು ಸೂಕ್ಷ್ಮವಿದೆ, ಬಹಳ ಮಂದಿ ತಪ್ಪುವುದು ಇಲ್ಲೇ. ಗಾಡಿ ಜಾಕಿನ ಮೇಲೆ ಇರುವಾಗ, ತೋಳುಗಳು ಕೆಳಗೆ ಜೋತಾಡುತ್ತಿರುವಾಗ, ಬುಷ್ಷಿನ ನಟ್ಟುಗಳನ್ನು ಪೂರ್ತಿ ಬಿಗಿಯಬಾರದು. ಗಾಡಿಯನ್ನು ಚಕ್ರದ ಮೇಲೆ ಇಳಿಸಿ, ಮುಂದೆ ಹಿಂದೆ ಸ್ವಲ್ಪ ತಳ್ಳಿ, ಅದು ತನ್ನ ಸಹಜ ಎತ್ತರಕ್ಕೆ ಕೂತ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳನ್ನು ಜೋಡಿಯಾಗಿಯೇ ಬದಲಿಸು. ಹಿಂದಿನ ಆ್ಯಕ್ಸಲನ್ನು ಅಡ್ಡಕ್ಕೆ ಸರಿಯದಂತೆ ಹಿಡಿಯುವ ರಾಡೊಂದಿದೆ, ಅದರ ಬುಷ್ಷನ್ನು ತಪ್ಪದೆ ನೋಡು; ಗುಂಡಿ ಹಾರಿದಾಗ ಗಾಡಿಯ ಹಿಂಭಾಗ ಪಕ್ಕಕ್ಕೆ ಹೆಜ್ಜೆ ಹಾಕುತ್ತಿದ್ದರೆ ಕಾರಣ ಅದೇ. ಗಾಡಿ ತಗ್ಗಿಸಲು ಸ್ಪ್ರಿಂಗ್ ಕತ್ತರಿಸುವ ಯೋಚನೆ ಬಿಡು. ನಮ್ಮ ಹಳ್ಳಿ ಹಳ್ಳಿಗೂ ಹಂಪ್ ಇದೆ.

ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ, ಮೊದಲೆರಡು ವಾರ, ಆಮೇಲಿನೆರಡು ವರ್ಷ. 2314 ಎಂದಿದ್ದರೆ 2014ರ 23ನೇ ವಾರದ ಟೈರು. ಶೆಡ್ಡಿನಲ್ಲಿ ನಿಂತ ಗಾಡಿಯ ಟೈರಿನ ಗೆರೆ ಚೆನ್ನಾಗಿ ಕಂಡರೂ ರಬ್ಬರು ಸತ್ತಿರುತ್ತದೆ. ಹೊಸ ಟೈರು ಹಾಕಿ, ಎಲ್ಲ ಕೆಲಸ ಮುಗಿದ ಮೇಲೆ ಅಲೈನ್‌ಮೆಂಟ್ ಮಾಡಿಸು. ಬರೀ ಟೋ ನೋಡಿ ಕಳಿಸುವವರು ಬಹಳ. ಕ್ಯಾಂಬರ್, ಕ್ಯಾಸ್ಟರ್‌ಗಳನ್ನು ಕೆಳತೋಳಿನ ಹತ್ತಿರದ ಶಿಮ್ ತಗಡುಗಳಿಂದ ಮೊದಲು ಕೂರಿಸಿ, ಟೋ ಕಡೆಗೆ ಮಾಡಬೇಕು. ಬಿಚ್ಚುವಾಗ ಯಾವ ಬೋಲ್ಟಿನ ಕೆಳಗೆ ಎಷ್ಟು ಶಿಮ್ ಇತ್ತೆಂದು ಬರೆದಿಟ್ಟುಕೊಂಡಿದ್ದರೆ ಅರ್ಧ ಕೆಲಸ ಅಲ್ಲೇ ಮುಗಿಯಿತು.

ಕಾಗದಪತ್ರದ ಬಗ್ಗೆ ನೀನು ಕೇಳಿದ್ದೆ. ನಿಮ್ಮೂರ ಪಕ್ಕದ ನದಿಯ ಆಚೆ ಕರ್ನಾಟಕ, ಈಚೆ ಆಂಧ್ರ. ಕರ್ನಾಟಕದ ನಂಬರಿನ ಗಾಡಿ ನಿನ್ನಲ್ಲಿ 12 ತಿಂಗಳಿಗಿಂತ ಹೆಚ್ಚು ಇರುವುದಾದರೆ ಎನ್‌ಒಸಿ ತಂದು ಆಂಧ್ರದಲ್ಲಿ ನೋಂದಾಯಿಸಬೇಕು. 15 ವರ್ಷ ದಾಟಿದ್ದರಿಂದ 5 ವರ್ಷಕ್ಕೊಮ್ಮೆ ನವೀಕರಣವೂ ಆಗಬೇಕು. ವಿಂಟೇಜ್ ನೋಂದಣಿಯ ಆಸೆ ಬೇಡ; 2021ರ ನಿಯಮದಂತೆ 50 ವರ್ಷ ದಾಟಿದ ಗಾಡಿಗೆ ಮಾತ್ರ ಅದು, ಎನ್‌ಇ ಯಾವುದೂ 2035ಕ್ಕೆ ಮೊದಲು ಆ ಸಾಲಿಗೆ ಬರುವುದಿಲ್ಲ. ಸಿಕ್ಕರೂ ದಿನನಿತ್ಯ ಓಡಿಸುವ ಹಾಗಿಲ್ಲ. ಧರ್ಮಸ್ಥಳಕ್ಕೆ ಹೋದಾಗ ಅಲ್ಲಿ ಕಾಪಾಡಿಟ್ಟಿರುವ ಹಳೆಯ ಕಾರುಗಳನ್ನು ನೋಡಿ ಬಾ, ಕಣ್ಣು ತಂಪಾಗುತ್ತದೆ. ಆದರೆ ನಿನ್ನದು ಓಡುವ ಕಾರಾಗಲಿ ಎಂದು ನನ್ನ ಆಸೆ. ನಿಮ್ಮ ಅವ್ವನನ್ನು ಕೂರಿಸಿಕೊಂಡು ಮಂತ್ರಾಲಯಕ್ಕೆ ಹೋಗಿಬರುವಂಥ ಕಾರು.

ಎಲ್ಲ ಮುಗಿದ ಮೇಲೆ 500 ಕಿಲೋಮೀಟರ್ ಮೆಲ್ಲಗೆ ಓಡಿಸಿ, ನಟ್ಟುಗಳನ್ನೆಲ್ಲ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡು. ಪೇಂಟಿನವನನ್ನು ಆಮೇಲೆ ಕರೆ. ಸಣ್ಣ ಸ್ಟೇರಿಂಗ್ ವೀಲು ಬೇಡವೇ ಬೇಡ, ಪವರ್ ಸ್ಟೇರಿಂಗ್ ಇಲ್ಲದ ಗಾಡಿಗೆ ಅದು ಭಾರವಾಗುತ್ತದೆ. ಐಡ್ಲರಿನ ಬುಷ್ ಎಲ್ಲೂ ಸಿಗದಿದ್ದರೆ ಒಳ ಹೊರ ವ್ಯಾಸ, ಉದ್ದ ಅಳೆದು ಬರೆದು ಕಳಿಸು, ನನಗೆ ಗೊತ್ತಿರುವ ಲೇತಿನವರ ಹತ್ತಿರ ಮಾಡಿಸೋಣ. ಅಳತೆಯನ್ನು ವರ್ನಿಯರಿನಲ್ಲೇ ತೆಗೆ, ಸ್ಕೇಲಿನಲ್ಲಿ ಬೇಡ.

ಇತಿ,
ನಿನ್ನ ಹಿತ ಬಯಸುವ ಹಿರಿಯ