ದೂರದ ಓಟಕ್ಕೆ ನೆಲೆನಿಂತ ಗುರು

ಕನ್ನಡದಲ್ಲಿ ಬಳಕೆಗೊಂಡಿರುವ ‘ತರಬೇತಿ’ ಎಂಬ ಶಬ್ದವು ಅರಬ್ಬೀ ಮೂಲದ ‘ತರ್ಬಿಯತ್’ ಎಂಬುದರಿಂದ ಬಂದುದು. ಮೂಲದಲ್ಲಿ ಅದಕ್ಕೆ ಸಾಕಿ ಸಲಹುವುದು, ಬೆಳೆಸುವುದು ಎಂಬ ಅರ್ಥವುಂಟು. ತರಬೇತಿ ನೀಡುವವನಿಗೆ ಇಂಗ್ಲಿಷಿನಲ್ಲಿರುವ ‘ಕೋಚ್’ ಎಂಬ ಹೆಸರಿನ ಹುಟ್ಟು ಬೇರೆ ಬಗೆಯದು. ಹಂಗೇರಿ ದೇಶದ ಕೋಚ್ ಎಂಬ ಗ್ರಾಮದಲ್ಲಿ ಸಿದ್ಧವಾಗುತ್ತಿದ್ದ ಕುದುರೆಗಾಡಿಗೆ ಆ ಊರಿನ ಹೆಸರೇ ನಿಂತಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಆಕ್ಸ್‌ಫರ್ಡಿನ ವಿದ್ಯಾರ್ಥಿಗಳು ತಮ್ಮನ್ನು ಪರೀಕ್ಷೆಯ ದಡ ಮುಟ್ಟಿಸುವ ಪಾಠದವನನ್ನು ಪರಿಹಾಸವಾಗಿ ಗಾಡಿಯೆಂದು ಕರೆದರು. ಅಲ್ಲಿಂದ ಆ ಹೆಸರು ಕ್ರೀಡಾಂಗಣವನ್ನು ಪ್ರವೇಶಿಸಿತು. ಒಂದು ಶಬ್ದದಲ್ಲಿ ಪೋಷಣೆಯ ಅರ್ಥವಿದ್ದರೆ ಇನ್ನೊಂದರಲ್ಲಿ ಪ್ರಯಾಣದ ಅರ್ಥವಿದೆ.

ಈ ಅಂತರವು ಕೇವಲ ಶಬ್ದಶಾಸ್ತ್ರದ ವಿಚಾರವಾಗಿ ಉಳಿದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ದೂರದ ಓಟವನ್ನು ಕೈಗೊಳ್ಳುವ ಕಾಲೇಜು ವಿದ್ಯಾರ್ಥಿಗೆ ಬೇಕಾದವನು ಸಾಕಿ ಬೆಳೆಸುವ ಗುರು. ದೊರೆಯುವವನಾದರೋ ಬಹುಮಟ್ಟಿಗೆ ಬಂದು ಹೋಗುವವನು. ಹುದ್ದೆ ತೆರವಾಗುವುದು, ತುಂಬುವುದು, ಮತ್ತೆ ತೆರವಾಗುವುದು ಎಂಬ ಈ ಚಕ್ರದಿಂದ ಓಟಗಾರನಿಗೆ ಒದಗುವ ನಷ್ಟವೇನು, ಅದನ್ನು ತಗ್ಗಿಸಲು ಮಠದ ಶಾಲೆಗಳೂ ಹಿರಿಯ ವಿದ್ಯಾರ್ಥಿಗಳೂ ದಾನಿಗಳೂ ಏನನ್ನು ಮಾಡಬಹುದು ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ದೂರದ ಓಟದ ಸ್ವಭಾವ

ನೂರು ಮೀಟರಿನ ಓಟಕ್ಕೂ ಹತ್ತು ಸಾವಿರ ಮೀಟರಿನ ಓಟಕ್ಕೂ ದೇಹವು ಸಿದ್ಧವಾಗುವ ಕ್ರಮ ಒಂದೇ ಅಲ್ಲ. ದೂರದ ಓಟದಲ್ಲಿ ಹೃದಯವು ಪ್ರತಿ ಬಡಿತಕ್ಕೆ ಹೆಚ್ಚು ರಕ್ತವನ್ನು ನೂಕಬೇಕು. ಸ್ನಾಯುಗಳೊಳಗೆ ಸೂಕ್ಷ್ಮ ರಕ್ತನಾಳಗಳು ವೃದ್ಧಿಯಾಗಬೇಕು. ಆಮ್ಲಜನಕವನ್ನು ಬಳಸಿ ಶಕ್ತಿಯನ್ನು ಉತ್ಪಾದಿಸುವ ಜೀವಕೋಶಗಳ ಸಾಮರ್ಥ್ಯ ಹೆಚ್ಚಬೇಕು. ಇವೆಲ್ಲವೂ ತಿಂಗಳುಗಳಲ್ಲಿ ತೊಡಗಿ ವರ್ಷಗಳಲ್ಲಿ ಪಕ್ವಗೊಳ್ಳುವ ಸಂಗತಿಗಳು. ಇದರಲ್ಲಿ ಇನ್ನೊಂದು ತೊಡಕೂ ಉಂಟು. ಉಸಿರು ಬೇಗ ಪಳಗುತ್ತದೆ. ಮೂಳೆ ಮತ್ತು ಸ್ನಾಯುರಜ್ಜುಗಳು ನಿಧಾನವಾಗಿ ಬಲಿಯುತ್ತವೆ. ಉಸಿರಿನ ಉತ್ಸಾಹವನ್ನು ನಂಬಿ ದೂರವನ್ನು ಒಮ್ಮೆಗೇ ಏರಿಸಿದರೆ ಮೊಣಕಾಲಿನ ಕೆಳಗಣ ಮುಂಗಾಲಿನ ಮೂಳೆಯಲ್ಲಿ ನೋವು ಕಾಣಿಸಿಕೊಳ್ಳುತ್ತದೆ. ಅದನ್ನು ಅಲಕ್ಷಿಸಿದರೆ ಮೂಳೆ ಬಿರುಕು ಬಿಡುವುದೂ ಉಂಟು. ಹುಡುಗಿಯರಲ್ಲಿ ರಕ್ತಹೀನತೆಯಿದ್ದರೆ ಎಷ್ಟು ಓಡಿಸಿದರೂ ಫಲ ಸೊನ್ನೆ.

ಆದುದರಿಂದ ದೂರದ ಓಟದ ಗುರುವು ಮೊದಲು ಅರಿಯಬೇಕಾದುದು ಶಿಷ್ಯನ ಪೂರ್ವವೃತ್ತಾಂತವನ್ನು. ಕಳೆದ ವರ್ಷ ಆತ ವಾರಕ್ಕೆ ಎಷ್ಟು ದೂರ ಓಡಿದನು, ಯಾವ ತಿಂಗಳಲ್ಲಿ ಕಾಲು ನೋವಾಯಿತು, ಮನೆಯಲ್ಲಿ ಉಣ್ಣುವುದೇನು, ನಿದ್ರೆ ಎಷ್ಟು ಎಂಬುದನ್ನು ಬಲ್ಲವನೇ ಮುಂದಿನ ಹೆಜ್ಜೆಯನ್ನು ನಿಶ್ಚಯಿಸಬಲ್ಲನು. ಪದವಿ ತರಗತಿಯ ಅವಧಿ 3 ವರ್ಷ. ಆ 3 ವರ್ಷಗಳಲ್ಲಿ ಇಬ್ಬರು ಗುರುಗಳು ಬದಲಾದರೆ ಓಟಗಾರನು ಮೂರು ಸಲ ಆರಂಭ ಮಾಡುತ್ತಾನೆ; ಒಂದು ಸಲವೂ ಮುಂದುವರಿಯುವುದಿಲ್ಲ.

ನಾಲ್ಕು ತಾಲ್ಲೂಕುಗಳ ನೆಲ ಮತ್ತು ಜನ

ಈ ಸೀಮೆಯಲ್ಲಿ ಓಡಬಲ್ಲ ಕಾಲುಗಳಿಗೆ ಕೊರತೆಯಿಲ್ಲ. ಹುಣಸೂರು ಮತ್ತು ಪಿರಿಯಾಪಟ್ಟಣಗಳು ಹೊಗೆಸೊಪ್ಪಿನ ಸೀಮೆ; ಕೃಷ್ಣರಾಜನಗರವು ಕಾವೇರಿಯ ನಾಲೆಗಳ ಭತ್ತದ ಸೀಮೆ; ಹೆಗ್ಗಡದೇವನಕೋಟೆಯು ಕಬಿನಿ ಜಲಾಶಯ ಮತ್ತು ನಾಗರಹೊಳೆ ಅರಣ್ಯದ ಅಂಚಿನಲ್ಲಿ ಹಾಡಿಗಳನ್ನು ಒಳಗೊಂಡ ಸೀಮೆ. ಇಲ್ಲಿಯ ಮಕ್ಕಳು ನಡೆದು ಬೆಳೆದವರು. ಅವರಲ್ಲಿ ಬಹುಮಂದಿಗೆ ಓಟವೆಂಬುದು ಪದಕದ ವಿಚಾರಕ್ಕಿಂತ ಮೊದಲು ಅನ್ನದ ವಿಚಾರ. ರಾಜ್ಯದ ಸಿವಿಲ್ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಪುರುಷ ಅಭ್ಯರ್ಥಿಯು 1600 ಮೀಟರನ್ನು 6 ನಿಮಿಷ 30 ಸೆಕೆಂಡುಗಳೊಳಗೆ ಓಡಿ ಮುಗಿಸಬೇಕು; ಸೈನ್ಯದ ಭರ್ತಿಯಲ್ಲಿಯೂ ಓಟದ ಜರಡಿಯುಂಟು. ಕಾಲೇಜಿನ ಮೈದಾನದಲ್ಲಿ ಕ್ರಮವಾದ ಅಭ್ಯಾಸ ದೊರೆಯದ ಹುಡುಗನು ಭರ್ತಿಯ ಪ್ರಕಟಣೆ ಹೊರಟ ಬಳಿಕ ರಸ್ತೆಯ ಬದಿಯಲ್ಲಿ ತಾನೇ ಓಡತೊಡಗಿ, ಒಂದೆರಡು ತಿಂಗಳಲ್ಲಿ ಕಾಲು ಕೆಡಿಸಿಕೊಂಡು ಕೂರುವುದು ಅಪರೂಪವಲ್ಲ.

ಊರಿನ ಬದುಕನ್ನು ಬಲ್ಲ ಗುರುವಿಗೆ ಮಾತ್ರ ತಿಳಿಯುವ ಸೂಕ್ಷ್ಮಗಳೂ ಇವೆ. ಹೊಗೆಸೊಪ್ಪನ್ನು ಸಾಮಾನ್ಯವಾಗಿ ಮುಂಗಾರಿನ ಮೊದಲ ಮಳೆಗಳಲ್ಲಿ ನೆಟ್ಟು, ಜುಲೈ ತಿಂಗಳಿನಿಂದ ಎಲೆ ಬಿಡಿಸಿ ಬ್ಯಾರನ್ನಿನಲ್ಲಿ ಹದಗೊಳಿಸುತ್ತಾರೆ. ಒಂದು ಸಲ ತುಂಬಿದ ಬ್ಯಾರನ್ನಿಗೆ ಹಲವು ದಿನ ಹಗಲಿರುಳು ಉರಿ ಕಾಯಬೇಕು. ರಾತ್ರಿಯೆಲ್ಲ ಉರಿ ಕಾದ ಹುಡುಗನನ್ನು ಬೆಳಗ್ಗೆ ವೇಗದ ಓಟಕ್ಕೆ ನಿಲ್ಲಿಸಬಾರದು. ಕಾಡಂಚಿನ ಗ್ರಾಮಗಳಲ್ಲಿ ನಸುಕಿನ ಓಟಕ್ಕೆ ಆನೆಯ ಭಯವಿದೆ. ಅಲ್ಲಿಯ ಮಕ್ಕಳಿಗೆ ಬಿಸಿಲೇರಿದ ಮೇಲೆ ಅಥವಾ ಸಂಜೆ ಕಾಲೇಜಿನ ಮೈದಾನದಲ್ಲಿಯೇ ಅಭ್ಯಾಸವಾಗಬೇಕು. ಹೊಸದಾಗಿ ಬಂದವನಿಗೆ ಇವೆಲ್ಲ ತಿಳಿಯುವುದಕ್ಕೆ ಒಂದು ವರ್ಷ ಬೇಕು. ತಿಳಿಯುವಷ್ಟರಲ್ಲಿ ಆತನಿಗೆ ಹೊರಡುವ ಕಾಲ ಬಂದಿರುತ್ತದೆ.

ಹುದ್ದೆ ತೆರವಾಗುವ ಬಗೆ

ಕಾಲೇಜುಗಳಲ್ಲಿ ದೂರದ ಓಟಕ್ಕೆಂದೇ ಗುರುವನ್ನು ನೇಮಿಸುವ ಪದ್ಧತಿ ನಮ್ಮಲ್ಲಿಲ್ಲ. ಇರುವುದು ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ. ಸಾಮಾನ್ಯವಾಗಿ ಒಂದು ಕಾಲೇಜಿಗೆ ಒಂದು. ಕಬಡ್ಡಿ, ಖೋ ಖೋ, ವಾಲಿಬಾಲ್, ಅಥ್ಲೆಟಿಕ್ಸ್, ಗುಡ್ಡಗಾಡು ಓಟ ಎಲ್ಲವೂ ಆ ಒಬ್ಬರ ಹೊಣೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2018ರ ನಿಯಮಗಳ ಪ್ರಕಾರ ಈ ಹುದ್ದೆಗೆ ದೈಹಿಕ ಶಿಕ್ಷಣದಲ್ಲಿ ಶೇಕಡಾ 55 ಅಂಕಗಳ ಸ್ನಾತಕೋತ್ತರ ಪದವಿ, ಅದರ ಜೊತೆಗೆ ಅರ್ಹತಾ ಪರೀಕ್ಷೆಯ ತೇರ್ಗಡೆ ಅಥವಾ ಡಾಕ್ಟರೇಟ್ ಬೇಕು. ದೇಹದಾರ್ಢ್ಯದ ಪರೀಕ್ಷೆಯೂ ಉಂಟು. 30 ವರ್ಷದೊಳಗಿನ ಪುರುಷ ಅಭ್ಯರ್ಥಿಯು 12 ನಿಮಿಷಗಳಲ್ಲಿ 1800 ಮೀಟರ್ ಕ್ರಮಿಸಬೇಕು. ಅಭ್ಯರ್ಥಿಯು ಓಡಬಲ್ಲನೇ ಎಂದು ಪರೀಕ್ಷಿಸುವ ನಿಯಮವಿದೆ. ಒಂದು ಊರಿನಲ್ಲಿ ನಿಲ್ಲಬಲ್ಲನೇ ಎಂದು ಕೇಳುವ ನಿಯಮವಿಲ್ಲ.

ಈ ಹುದ್ದೆಗಳು ತೆರವಾಗುವುದಕ್ಕೆ ಕಾರಣಗಳು ಹಲವು. ನಿವೃತ್ತಿಯಾದ ಸ್ಥಾನಕ್ಕೆ ಹೊಸ ನೇಮಕಾತಿ ವಿಳಂಬವಾಗಿ ಬರುತ್ತದೆ. ಅನುದಾನಿತ ಕಾಲೇಜುಗಳಲ್ಲಿ ತೆರವಾದ ಸ್ಥಾನವನ್ನು ತುಂಬಲು ಸರ್ಕಾರದ ಅನುಮತಿಗೆ ಕಾಯಬೇಕು. ನೇಮಕಗೊಂಡವರು ಮಕ್ಕಳ ವಿದ್ಯಾಭ್ಯಾಸ, ಪತ್ನಿ ಅಥವಾ ಪತಿಯ ಉದ್ಯೋಗ, ವೃದ್ಧ ತಂದೆತಾಯಿಗಳ ಆರೈಕೆ ಎಂಬ ನ್ಯಾಯವಾದ ಕಾರಣಗಳಿಂದ ಮೈಸೂರು ಅಥವಾ ಬೆಂಗಳೂರಿಗೆ ವರ್ಗಾವಣೆ ಕೋರುತ್ತಾರೆ. ಸ್ಥಾನ ಖಾಲಿಯಿದ್ದಾಗ ಆ ಹೊಣೆಯು ಬೇರೆ ವಿಷಯದ ಅಧ್ಯಾಪಕರೊಬ್ಬರ ಹೆಗಲೇರುತ್ತದೆ. ಅವರು ಅರ್ಜಿಗೆ ಸಹಿ ಹಾಕಿ ತಂಡವನ್ನು ಕೂಟಕ್ಕೆ ಕಳುಹಿಸಬಲ್ಲರು. ಮುಂಜಾನೆ ಆರು ಗಂಟೆಗೆ ಮೈದಾನದಲ್ಲಿ ನಿಲ್ಲಲಾರರು.

ತಾತ್ಕಾಲಿಕ ನೇಮಕದ ಕಥೆಯೂ ಇದೇ. ರಾಜ್ಯ ಸರ್ಕಾರವು 2022ರ ಜನವರಿಯಲ್ಲಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರ ಗೌರವಧನವನ್ನು ಅರ್ಹತೆ ಮತ್ತು ಅನುಭವಗಳಿಗೆ ತಕ್ಕಂತೆ ತಿಂಗಳಿಗೆ 26,000ದಿಂದ 32,000 ರೂಪಾಯಿಗಳವರೆಗೆ ಏರಿಸಿತು. ಏರಿಕೆಯು ಸ್ವಾಗತಾರ್ಹವಾದುದೇ. ಆದರೂ ಶೈಕ್ಷಣಿಕ ವರ್ಷಕ್ಕೆ ಸೀಮಿತವಾದ ನೇಮಕವು ಯಾರನ್ನೂ ಒಂದೆಡೆ ಬೇರೂರಲು ಬಿಡದು. ಶಿಷ್ಯನ ನಾಲ್ಕನೆಯ ವರ್ಷದ ಫಲವನ್ನು ಎಣಿಸಿ ಇಂದು ತಾಳ್ಮೆ ತೋರಬೇಕಾದವನಿಗೆ ತನ್ನ ಮುಂದಿನ ಜೂನ್ ತಿಂಗಳೇ ಅನಿಶ್ಚಿತವಾಗಿರುವಾಗ, ಆತನು ಬೇಗ ಕಾಣುವ ಫಲವನ್ನು ಅಪೇಕ್ಷಿಸುವುದು ಸಹಜ. ಆ ಅವಸರದ ಭಾರ ಬೀಳುವುದು ಹದಿನೆಂಟರ ಹರೆಯದ ಕಾಲುಗಳ ಮೇಲೆ. ಹೀಗೆ ಹೋಗುವವರನ್ನು ದೂಷಿಸುವುದು ಸರಿಯಲ್ಲ, ಅವರಿಗೂ ಸಂಸಾರವುಂಟು. ವಿಚಾರಣೀಯವಾದುದು ವ್ಯವಸ್ಥೆ.

ನಿಂತವರ ನಿದರ್ಶನಗಳು

ಆಫ್ರಿಕದ ಕೆನ್ಯಾ ದೇಶದ ಇಟೆನ್ ಎಂಬ ಊರಿನಲ್ಲಿ ಕ್ರೈಸ್ತ ಧರ್ಮಸಂಸ್ಥೆಯೊಂದು ಸ್ಥಾಪಿಸಿದ ಸೇಂಟ್ ಪ್ಯಾಟ್ರಿಕ್ಸ್ ಪ್ರೌಢಶಾಲೆಯಿದೆ. ಐರ್ಲೆಂಡಿನ ಸಂನ್ಯಾಸಿ ಕಾಮ್ ಓಕಾನೆಲ್ ಅವರು 1976ರಲ್ಲಿ ಅಲ್ಲಿಗೆ ಭೂಗೋಳದ ಅಧ್ಯಾಪಕರಾಗಿ ಬಂದರು. ಓಟದ ಶಾಸ್ತ್ರದಲ್ಲಿ ಅವರಿಗೆ ಯಾವ ಶಿಕ್ಷಣವೂ ಇರಲಿಲ್ಲ. ಶಾಲೆಯ ಅಥ್ಲೆಟಿಕ್ಸ್ ಅನ್ನು ನೋಡಿಕೊಳ್ಳುತ್ತಿದ್ದ ಇಂಗ್ಲೆಂಡಿನ ಪೀಟರ್ ಫಾಸ್ಟರ್ ಅವರು ಸ್ವದೇಶಕ್ಕೆ ಮರಳಿದಾಗ ಆ ಹೊಣೆಯು ಇವರ ಪಾಲಿಗೆ ಬಂದಿತು. ಇಲ್ಲಿಯೂ ಹುದ್ದೆ ತೆರವಾದುದೇ ಆರಂಭ. ಆದರೆ ಬಂದವರು ಹೋಗಲಿಲ್ಲ. ನಾಲ್ಕು ದಶಕಗಳಿಗೂ ಮೀರಿ ಅದೇ ಊರಿನಲ್ಲಿ ನಿಂತರು. ಆ ಶಾಲೆಯ ವಿದ್ಯಾರ್ಥಿ ಪೀಟರ್ ರೊನೊ 1988ರ ಸೋಲ್ ಒಲಿಂಪಿಕ್ಸಿನಲ್ಲಿ 1500 ಮೀಟರ್ ಓಟದ ಚಿನ್ನವನ್ನು ಗೆದ್ದನು. ಅವರ ಬಳಿ ಪಳಗಿದ ಡೇವಿಡ್ ರುಡಿಶಾ 2012ರಲ್ಲಿ ಲಂಡನ್ನಿನಲ್ಲಿ 800 ಮೀಟರನ್ನು 1 ನಿಮಿಷ 40.91 ಸೆಕೆಂಡುಗಳಲ್ಲಿ ಓಡಿ ವಿಶ್ವದಾಖಲೆಯೊಡನೆ ಚಿನ್ನ ಪಡೆದನು. ಇಟೆನ್ ಸಮುದ್ರಮಟ್ಟದಿಂದ ಸುಮಾರು 2400 ಮೀಟರ್ ಎತ್ತರದಲ್ಲಿದೆ. ಆ ಎತ್ತರವನ್ನು ಹುಣಸೂರಿಗೆ ತರಲಾಗದು. ಒಬ್ಬ ಗುರುವಿನ ಸ್ಥಿರತೆಯನ್ನು ತರಬಹುದು.

ಅಮೆರಿಕದ ಕೊಲರಾಡೊ ಸಂಸ್ಥಾನದ ಆಡಮ್ಸ್ ಸ್ಟೇಟ್ ಎಂಬ ಸಣ್ಣ ಕಾಲೇಜಿನಲ್ಲಿ ಜೋ ವಿಜಿಲ್ ಅವರು 1965ರಿಂದ 1993ರವರೆಗೆ ದೂರದ ಓಟಗಾರರನ್ನು ಸಿದ್ಧಪಡಿಸಿದರು. ಗುಡ್ಡಗಾಡು ಓಟದಲ್ಲಿ ತಂಡದ ಮೊದಲ ಐವರ ಸ್ಥಾನಗಳನ್ನು ಕೂಡಿ, ಕಡಿಮೆ ಮೊತ್ತ ಬಂದ ತಂಡವನ್ನು ವಿಜಯಿಯೆಂದು ಸಾರುವುದು ರೂಢಿ. ಒಂದರಿಂದ ಐದರವರೆಗಿನ ಸ್ಥಾನಗಳು ಒಂದೇ ತಂಡಕ್ಕೆ ಬಂದರೆ ಮೊತ್ತ 15. ಅದಕ್ಕಿಂತ ಕಡಿಮೆ ಸಾಧ್ಯವಿಲ್ಲ. 1992ರ ರಾಷ್ಟ್ರೀಯ ಕಾಲೇಜು ಕೂಟದ ತಮ್ಮ ವಿಭಾಗದಲ್ಲಿ ವಿಜಿಲ್ ಅವರ ಶಿಷ್ಯರು ಈ 15ನ್ನೇ ಗಳಿಸಿದರು. ಇಂತಹ ಫಲವು ಎರಡು ವರ್ಷಗಳ ನೇಮಕದಲ್ಲಿ ಬೆಳೆಯುವಂತಹುದಲ್ಲ.

ದೂರದೇಶಗಳ ಮಾತೇಕೆ ಎನ್ನುವವರಿಗೆ ನೆರೆಯ ನಿದರ್ಶನಗಳೂ ಇವೆ. ಕೇರಳದ ಕಣ್ಣೂರಿನ ಕ್ರೀಡಾ ವಿಭಾಗದಲ್ಲಿ 1976ರಲ್ಲಿ ಬಾಲಕಿ ಪಿ.ಟಿ. ಉಷಾಳ ಹೊಣೆ ಹೊತ್ತ ಓ.ಎಂ. ನಂಬಿಯಾರ್ ಅವರು 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನವರೆಗೂ, ಅದರಾಚೆಗೂ ಆಕೆಯ ಗುರುವಾಗಿದ್ದರು. 1985ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿಯನ್ನು ಸ್ಥಾಪಿಸಿದಾಗ ಅದನ್ನು ಮೊದಲು ಪಡೆದವರಲ್ಲಿ ಅವರೂ ಒಬ್ಬರು. ನಮ್ಮ ನಾಡಿನ ಮೂಡುಬಿದಿರೆಯಲ್ಲಿ 2020ರ ಜನವರಿಯಲ್ಲಿ ನಡೆದ ಅಖಿಲ ಭಾರತ ಅಂತರ ವಿಶ್ವವಿದ್ಯಾನಿಲಯ ಅಥ್ಲೆಟಿಕ್ಸ್ ಕೂಟದಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವು ಸಮಗ್ರ ಪ್ರಶಸ್ತಿಯನ್ನು ಗೆದ್ದಿತು. ಆ ತಂಡದ ಬಲವು ಬಹುಮಟ್ಟಿಗೆ ಅದೇ ಊರಿನ ಆಳ್ವಾಸ್ ಸಂಸ್ಥೆಯದು. ಮೈದಾನ, ವಸತಿ, ಊಟ ಮತ್ತು ಗುರುಗಳು ಒಂದೇ ಆವರಣದಲ್ಲಿ ದೊರೆಯುವುದರಿಂದ ಅಲ್ಲಿಗೆ ದೂರದೂರದ ಗ್ರಾಮೀಣ ಮಕ್ಕಳು ಹೋಗಿ ಸೇರುತ್ತಾರೆ.

ಆಗಬೇಕಾದುದು

ಸರ್ಕಾರದ ನೇಮಕಾತಿಯನ್ನು ಮಠದ ಶಾಲೆಯು ತಿದ್ದಲಾರದು. ಆದರೂ ಮೂರು ಕಾರ್ಯಗಳು ಅದರ ಕೈಯಲ್ಲಿವೆ.

ಮೊದಲನೆಯದು ಓಟದ ದಫ್ತರ. ಎಂಟನೆಯ ತರಗತಿಯಿಂದಲೇ ಪ್ರತಿ ಓಟಗಾರನಿಗೂ ಓಟಗಾರ್ತಿಗೂ ಒಂದು ಪುಸ್ತಕವಿರಲಿ. ವಾರದ ದೂರ, ಕೂಟಗಳ ಕಾಲ, ನೋವು, ಜ್ವರ, ತೂಕ, ರಕ್ತಪರೀಕ್ಷೆಯ ಫಲ, ಮನೆಯ ಕೆಲಸದ ತಿಂಗಳುಗಳು ಅದರಲ್ಲಿ ದಾಖಲಾಗಲಿ. ವಿದ್ಯಾರ್ಥಿಯು ತಾಲ್ಲೂಕಿನ ಕಾಲೇಜಿಗೆ ಹೋಗುವಾಗ ವರ್ಗಾವಣೆ ಪತ್ರದೊಡನೆ ಆ ಪುಸ್ತಕವೂ ಹೋಗಲಿ. ಗುರುವು ಬದಲಾದರೂ ಶಿಷ್ಯನ ಚರಿತ್ರೆ ಅಳಿಯದು. ಹೊಸಬನು ಮೊದಲ ದಿನವೇ ಅದನ್ನು ಓದಿ ಮುಂದುವರಿಯಬಲ್ಲನು. ಇದಕ್ಕೆ ತಗಲುವ ವೆಚ್ಚ ಒಂದು ನೋಟುಪುಸ್ತಕದ ಬೆಲೆ.

ಎರಡನೆಯದು ಗುರುದತ್ತಿ. ಮಠದ ಶಾಲೆಯ ಮೈದಾನದಲ್ಲಿ ಶಾಲೆ ಮತ್ತು ಕಾಲೇಜುಗಳ ಓಟಗಾರರಿಗೆ ಸಮಾನವಾಗಿ ದೊರೆಯುವ ಒಬ್ಬ ಗುರುವಿಗೆ ತಿಂಗಳಿಗೆ 25,000 ರೂಪಾಯಿ ಕೊಡುವುದಾದರೆ ವರ್ಷಕ್ಕೆ 3 ಲಕ್ಷವಾಗುತ್ತದೆ. ಹನ್ನೆರಡು ಮಂದಿ ಹಿರಿಯ ವಿದ್ಯಾರ್ಥಿಗಳು ವರ್ಷದ ಒಂದೊಂದು ತಿಂಗಳನ್ನು ವಹಿಸಿಕೊಂಡರೆ ಇದು ಸಾಗುತ್ತದೆ. ಶಾಶ್ವತವಾಗಿ ನಿಲ್ಲಿಸಬೇಕೆಂದರೆ, ಶೇಕಡಾ 7ರ ಬಡ್ಡಿ ದೊರೆಯುವ ಪಕ್ಷದಲ್ಲಿ, ಸುಮಾರು 43 ಲಕ್ಷದ ಮೂಲಧನ ಸಾಕು. ಕಟ್ಟಡಕ್ಕೆ ದಾನ ನೀಡಿದವರ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ. ಇಂತಹ ದತ್ತಿಯ ಫಲ ಮಕ್ಕಳ ಕಾಲುಗಳಲ್ಲಿ ಓಡಾಡುತ್ತದೆ. ಆದರೆ ನೇಮಕವು ಕನಿಷ್ಠ 5 ವರ್ಷಗಳದ್ದಾಗಿರಬೇಕು; ವಾಸಕ್ಕೆ ಮನೆಯಿರಬೇಕು; ಮೊದಲ ವರ್ಷ ಪದಕವನ್ನು ಕೇಳಬಾರದು.

ಮೂರನೆಯದು ಪ್ರಸಾದನಿಲಯದ ನೆರವು. ಓಡುವ ಮಗುವಿಗೆ ರಾಗಿ, ಹುರುಳಿ, ಸೊಪ್ಪು, ಹಾಲು, ಬೆಲ್ಲಗಳು ಹೊಟ್ಟೆ ತುಂಬ ದೊರೆಯಬೇಕು. ಹಾಡಿಯಿಂದಲೋ ಕಾಡಂಚಿನ ಊರಿನಿಂದಲೋ ಬರುವ ಕಾಲೇಜು ವಿದ್ಯಾರ್ಥಿಗೆ ಓಟದ ಋತುವಿನಲ್ಲಿ ಮಠದ ಪ್ರಸಾದನಿಲಯದಲ್ಲಿ ಸ್ಥಳ ಕೊಟ್ಟರೆ ನಸುಕಿನ ಆನೆಯ ಭಯವೂ ರಾತ್ರಿಯ ಉರಿ ಕಾಯುವ ದಣಿವೂ ಆ ಕೆಲವು ತಿಂಗಳು ತಪ್ಪುತ್ತವೆ. ದಾಸೋಹದ ಪರಂಪರೆಯುಳ್ಳ ಮಠಗಳಿಗೆ ಇದು ಹೊಸ ಕಾರ್ಯವಲ್ಲ. ಹಳೆಯ ಕಾರ್ಯದ ಇನ್ನೊಂದು ಪಂಕ್ತಿ.

ಶರಣರು ಕಾಯಕಕ್ಕೆ ಕೊಟ್ಟ ಗೌರವದಲ್ಲಿ ಮೇಲು ಕೀಳುಗಳಿರಲಿಲ್ಲ. ಪಾಠ ಹೇಳುವ ಕಾಯಕಕ್ಕೆ ಸಲ್ಲುವ ಮನ್ನಣೆ ಮೈದಾನದಲ್ಲಿ ನಿಲ್ಲುವ ಕಾಯಕಕ್ಕೂ ಸಲ್ಲಬೇಕು. ವಾರ್ಷಿಕೋತ್ಸವದ ವೇದಿಕೆ ಕಟ್ಟಿಸುವುದಕ್ಕೂ ಸಾಲು ನಿಲ್ಲಿಸುವುದಕ್ಕೂ ಮಾತ್ರ ಪಿ.ಟಿ. ಮೇಷ್ಟ್ರನ್ನು ನೆನೆಯುವ ಶಾಲೆಯಲ್ಲಿ ಅವರು ಬಹುಕಾಲ ನಿಲ್ಲಲಾರರು. ಸಂಬಳದಷ್ಟೇ ಮನ್ನಣೆಯೂ ಮನುಷ್ಯನನ್ನು ಒಂದೆಡೆ ನಿಲ್ಲಿಸುತ್ತದೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದೊಂದು ಮೈದಾನದಲ್ಲಾದರೂ ಒಬ್ಬೊಬ್ಬ ಗುರು ಹತ್ತು ವರ್ಷ ನಿಲ್ಲುವಂತಾದರೆ, ಇಂದು ಎಂಟನೆಯ ತರಗತಿಯಲ್ಲಿರುವ ಮಗುವು ಪದವಿ ಮುಗಿಸುವ ದಿನದವರೆಗೂ ಅದೇ ದನಿಯನ್ನು ಆಲಿಸುತ್ತ ಓಡಬಹುದು. ಆ ದಿನವನ್ನು ಹತ್ತಿರ ತರುವ ಶಕ್ತಿ ಅಧ್ಯಾಪಕರಲ್ಲಿಯೂ ದಾನಿಗಳಲ್ಲಿಯೂ ಇದೆ. ಸಂಕಲ್ಪವು ಈ ವರ್ಷವೇ ಮೂಡಲಿ.