ದಿನಸಿ ಖರ್ಚು: ಎಲ್ಲಿ ಕತ್ತರಿ ಹಾಕಲಿ?

ಪ್ರಶ್ನೆ: ಮೈಸೂರಿನಲ್ಲಿ ಬಾಡಿಗೆ ಮನೆ, ಅತ್ತೆ, ಇಬ್ಬರು ಮಕ್ಕಳು ಸೇರಿ ಐದು ಜನ. ತಿಂಗಳ ಆದಾಯ 24 ಸಾವಿರ. ದಿನಸಿ, ತರಕಾರಿಗೇ ವಾರಕ್ಕೆ 2,500 ರೂಪಾಯಿ ಬೇಕು. ಅಂಗಡಿ ಸಾಲವೂ ಬೆಳೆದಿದೆ. ಅತ್ತೆಗೆ ಸಕ್ಕರೆ ಕಾಯಿಲೆ. ಏನು ಮಾಡಲಿ?

ಉತ್ತರ: ಹಾಲು, ಬೇಳೆ, ಮೊಟ್ಟೆಗೆ ಕೈ ಹಾಕಬೇಡಿ. ಹಿಂದಿನ ಎರಡು ವಾರದ ಬಿಲ್ಲುಗಳಲ್ಲಿ ಬಿಸ್ಕತ್ತು, ಚಿಪ್ಸ್, ರೆಡಿಮೇಡ್ ದೋಸೆಹಿಟ್ಟು, ಮಸಾಲೆ ಪುಡಿಗಳನ್ನು ಕೂಡಿಸಿ. ಕಡಿತ ಅಲ್ಲಿಂದ ಶುರುವಾಗಲಿ.

ಎಣ್ಣೆಯಲ್ಲಿ ಏಮಾರುವವರು ಬಹಳ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ನೋಡಲು ಅಷ್ಟೇ ಇರುವ ಕೆಲವು ಪ್ಯಾಕೆಟ್‌ಗಳಲ್ಲಿ 850 ಅಥವಾ 800 ಗ್ರಾಂ ಮಾತ್ರ. ಎಂಆರ್‌ಪಿ ಜೊತೆ ಸಣ್ಣಕ್ಷರದಲ್ಲಿರುವ ಪ್ರತಿ ಗ್ರಾಂ ದರ ಹೋಲಿಸಿ. ದೊಡ್ಡ ಪ್ಯಾಕೆಟ್ಟೇ ಅಗ್ಗ ಎಂದೇನಿಲ್ಲ.

ಅಕ್ಕಿ, ಬೇಳೆ, ಎಣ್ಣೆ ತಿಂಗಳಿಗೊಮ್ಮೆ ಸಾಕು. ತರಕಾರಿಗೆ ಸಂತೆ, ಹಾಪ್‌ಕಾಮ್ಸ್ ಎರಡರ ದರವನ್ನೂ ನೋಡಿ. ಸಂಜೆ ಅಗ್ಗಕ್ಕೆ ಸಿಗುವ ಸೊಪ್ಪನ್ನು ಅಂದೇ ಬೇಯಿಸುವುದಾದರೆ ಮಾತ್ರ ಕೊಳ್ಳಿ. ಹೀರೇಕಾಯಿ ಸಿಪ್ಪೆ ಚಟ್ನಿಗಿರಲಿ. ಮಕ್ಕಳು ಸರ್ಕಾರಿ ಶಾಲೆ, ಅಂಗನವಾಡಿಗೆ ಹೋಗುತ್ತಿದ್ದರೆ ಅಲ್ಲಿನ ಊಟ ತಪ್ಪಿಸಬೇಡಿ; ಬುತ್ತಿಯ ಖರ್ಚು ಉಳಿಯುತ್ತದೆ.

ಅಂಗಡಿಯವರೊಂದಿಗೆ ಮಾತಾಡಿ, ಹಳೆ ಬಾಕಿಗೆ ವಾರಕ್ಕಿಷ್ಟು ಎಂದು ಕಟ್ಟಿ, ಹೊಸದೆಲ್ಲ ನಗದಿಗೇ. ಬಾಕಿ ತೀರಿಸಲು ಮೀಟರ್ ಬಡ್ಡಿ ಸಾಲ ಬೇಡವೇ ಬೇಡ. ಈಗಾಗಲೇ ಅಂಥ ಸಾಲವಿದ್ದರೆ, ಅದನ್ನು ತೀರಿಸಲು ಕಡಿಮೆ ಬಡ್ಡಿಯ ಸಾಲ ಸಿಗುವುದೇ ಎಂದು ನಿಮ್ಮ ಬ್ಯಾಂಕ್ ಶಾಖೆಯಲ್ಲಿ ವಿಚಾರಿಸಿ.

ಅತ್ತೆಯವರ ಊಟ ಬದಲಿಸುವ ಮುನ್ನ ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಕೇಳಿ. ರಾಗಿ ಮುದ್ದೆಯಿಂದ ಸಕ್ಕರೆ ಏರುವುದೇ ಇಲ್ಲ ಎಂಬುದು ಸುಳ್ಳು.